ಆಸ್ಪತ್ರೆ ಬಿಲ್: ಚೌಕಾಸಿ ಶುರುವಾಗಬೇಕಾದದ್ದು ಮೊದಲ ದಿನವೇ

ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ‘ಸ್ವಲ್ಪ ಕಡಿಮೆ ಮಾಡಿ ಸಾರ್’ ಅಂದರೆ ಸಿಗುವುದು ಪುಡಿಗಾಸಿನ ರಿಯಾಯಿತಿ. ಅಲ್ಲಿ ಕೂತವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಆಸ್ಪತ್ರೆಗೆ ಸೇರುವಾಗಲೇ ಮೊದಲು ತೆಗೆಯಬೇಕಾದದ್ದು ರೇಷನ್ ಕಾರ್ಡು. ವಿಮೆ ಮಾಡಿಸದವರಿಗೂ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ರನ್ನು ವಿಚಾರಿಸಿ. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಡ್ವಾನ್ಸ್ ಕಟ್ಟಿ ಸೇರಿದ ಮೇಲೆ ಅದಕ್ಕಾಗಿ ಓಡಾಡುವುದು ತ್ರಾಸದ ಕೆಲಸ.

ಯೋಜನೆ ಒದಗದಿದ್ದರೆ ಖರ್ಚಿನ ಅಂದಾಜನ್ನು ಬರವಣಿಗೆಯಲ್ಲೇ ಪಡೆಯಿರಿ. ಹಲವು ಕಡೆ ರೂಮಿನ ದರ್ಜೆ ಏರಿದಂತೆ ವೈದ್ಯರ ಭೇಟಿ, ಆಪರೇಷನ್ ಶುಲ್ಕವೂ ಏರುತ್ತದೆ. ಹಾಗಾಗಿ ಜನರಲ್ ವಾರ್ಡಿನಷ್ಟು ಉಳಿತಾಯ ಬೇರಾವ ಚೌಕಾಸಿಯಲ್ಲೂ ಸಿಗುವುದು ಕಷ್ಟ.

ಎರಡು ದಿನಕ್ಕೊಮ್ಮೆ ಅಲ್ಲಿಯವರೆಗಿನ ಬಿಲ್ ಕೇಳಿ ನೋಡಿ. ಕೊನೆಯಲ್ಲಿ ಒಟ್ಟು ಮೊತ್ತದ ಚೀಟಿ ಸಾಲದು, ಬಾಬ್ತುವಾರು ಬಿಲ್ಲೇ ಬೇಕು. ವಾಪಸ್ ಕೊಟ್ಟ ಔಷಧಿ ಕಳೆದಿದ್ದಾರೆಯೇ? ಒಂದೇ ಪರೀಕ್ಷೆ ಎರಡು ಸಲ ಸೇರಿದೆಯೇ? ಐಸಿಯು ದಿನಗಳ ಲೆಕ್ಕ ಸರಿಯೇ? ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರೆ ಅದರ ಬ್ರಾಂಡ್, ಬ್ಯಾಚ್ ಸಂಖ್ಯೆ, ಬೆಲೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಇರಲೇಬೇಕು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೂ ಮುಂಚೆ ಲಕ್ಷ ದಾಟಿದ್ದೂ ಉಂಟು. ಮಿತಿ ಆಮೇಲೆ ಪರಿಷ್ಕರಣೆಯಾಗಿದೆ, ಈಗಿನ ದರ ನೋಡಿಕೊಂಡೇ ಮಾತಾಡಿ. ಮಂಡಿಚಿಪ್ಪು ಬದಲಾವಣೆಯ ಇಂಪ್ಲಾಂಟಿಗೂ ಅದೇ ವರ್ಷದ ಆಗಸ್ಟ್‌ನಿಂದ ಮಿತಿಯಿದೆ.

ಇನ್ನು ರಿಯಾಯಿತಿ. ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಮೊದಲು ಕಾಣಿ. ತಮ್ಮ ಶುಲ್ಕ ಬಿಡಲು ಅವರು ಮನಸ್ಸು ಮಾಡಿದರೆ ಒಂದು ಸಾಲು ಬರೆದುಕೊಟ್ಟಾರು. ಆಮೇಲೆ ಮೆಡಿಕಲ್ ಸೂಪರಿಂಟೆಂಡೆಂಟ್. ರೂಮು, ಓಟಿ, ವೈದ್ಯರ ಶುಲ್ಕದಲ್ಲಿ ಜಗ್ಗಾಟಕ್ಕೆ ಜಾಗವಿರುತ್ತದೆ, ಔಷಧಿಯಲ್ಲಿ ಕಡಿಮೆ. ‘ಇವತ್ತೇ ಇಷ್ಟು ಕಟ್ಟುತ್ತೇವೆ’ ಎಂಬ ಖಚಿತ ಮೊತ್ತ ಹೇಳಿ. ಕಣ್ಣೀರಿಗಿಂತ ಲೆಕ್ಕಕ್ಕೆ ಬೆಲೆ ಜಾಸ್ತಿ.

ಕಾನೂನಿನ ಬೆಂಬಲವೂ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 2017ರ ತಿದ್ದುಪಡಿಯಂತೆ ತುರ್ತು ಚಿಕಿತ್ಸೆಗೆ ಮುಂಗಡ ಕೊಡಿ ಎಂದು ಪಟ್ಟು ಹಿಡಿಯುವಂತಿಲ್ಲ. ಬಾಕಿಯ ನೆಪದಲ್ಲಿ ಶವ ಇಟ್ಟುಕೊಳ್ಳುವಂತಿಲ್ಲ. ಹಾಗೇನಾದರೂ ಆದರೆ ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಿ. ಅಂದಾಜು ಪಟ್ಟಿ, ಬಾಬ್ತುವಾರು ಬಿಲ್, ರಸೀದಿಗಳ ಪ್ರತಿ ಜೊತೆಗಿರಲಿ.