ಹಳೆಯ ಮಿಲಿಟರಿ ಜನರೇಟರ್ ಸ್ಟಾರ್ಟ್ ಆಗದಿದ್ದರೆ: ಮೆಕ್ಯಾನಿಕ್ ಬರುವ ಮುಂಚೆ ನಾವೇ ನೋಡಬೇಕಾದ್ದು



ನಮ್ಮ ಎಷ್ಟೋ ಸಂಘಗಳು ಉಳಿತಾಯ ಮತ್ತು ಸಾಲಕ್ಕೆ ಮಾತ್ರ ನಿಂತಿಲ್ಲ. ಹಿಟ್ಟಿನ ಗಿರಣಿ, ಖಾರದ ಪುಡಿ ಮಾಡುವ ಯಂತ್ರ, ಶಾಮಿಯಾನ ಮತ್ತು ಲೈಟಿಂಗ್ ಬಾಡಿಗೆ, ಹೀಗೆ ಒಂದೊಂದು ಉದ್ಯೋಗ ಹಿಡಿದಿವೆ. ಕರೆಂಟ್ ಹೋದರೆ ಕೆಲಸ ನಿಲ್ಲುತ್ತೆ. ಹೊಸ ಜನರೇಟರ್ ಕೊಳ್ಳೋಣ ಅಂದರೆ ಕೈಯಲ್ಲಿ ಅಷ್ಟು ಹಣ ಇರೋದಿಲ್ಲ. ಆಗ ಯಾರಾದರೂ, "ಮಿಲಿಟರಿ ಡಿಸ್ಪೋಸಲ್ ಮಾಲು ಇದೆ, ಗಟ್ಟಿ ಯಂತ್ರ, ಅರ್ಧ ರೇಟಿಗೆ ಸಿಗುತ್ತೆ" ಅಂತಾರೆ.

ಸೈನ್ಯಕ್ಕೆ ಬೇಡವಾದ ಸಾಮಾನುಗಳನ್ನು ಸರ್ಕಾರ ಹರಾಜು ಹಾಕುತ್ತದೆ. 1964ರಲ್ಲಿ ಶುರುವಾದ ಎಂ.ಎಸ್.ಟಿ.ಸಿ. ಎಂಬ ಕೇಂದ್ರ ಸರ್ಕಾರದ ಕಂಪನಿಯ ಮೂಲಕ ಇಂಥ ಹರಾಜು ನಡೆಯುತ್ತದೆ. ಅಲ್ಲಿ ದೊಡ್ಡ ವ್ಯಾಪಾರಿಗಳು ಕೊಂಡದ್ದು ಕೈ ಬದಲಾಗಿ ನಮ್ಮವರೆಗೆ ಬರುತ್ತೆ. ಯಂತ್ರ ಗಟ್ಟಿ ಅನ್ನುವುದು ಎಷ್ಟೋ ಸಲ ನಿಜವೇ. ಆದರೆ ವರ್ಷಗಟ್ಟಲೆ ಓಡದೆ ನಿಂತಿರುತ್ತೆ, ಬ್ಯಾಟರಿ ಇರೋದಿಲ್ಲ, ಪುಸ್ತಕವೂ ಇರೋದಿಲ್ಲ. ಒಂದು ದಿನ ಸ್ಟಾರ್ಟ್ ಆಗೋದಿಲ್ಲ ಅಂತ ಕೂರುತ್ತೆ.

ಒಂದು ಲೆಕ್ಕ ಹಾಕೋಣ. ಗಿರಣಿಯಿಂದ ದಿನಕ್ಕೆ 600 ರೂಪಾಯಿ ಬರುತ್ತೆ ಅಂತ ಇಟ್ಟುಕೊಳ್ಳಿ. ಐದು ದಿನ ನಿಂತರೆ 3,000 ರೂಪಾಯಿ ಹೋಯಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲೋದಿಲ್ಲ. ಇದರ ಮೇಲೆ ಯಾರೋ ಬಂದು, "ಇಂಜಿನ್ ಹೋಗಿದೆ, ಪೂರ್ತಿ ಬಿಚ್ಚಬೇಕು" ಅಂದರೆ, ಹೌದೋ ಅಲ್ಲವೋ ಹೇಳಲು ನಮಗೆ ಗೊತ್ತಿರೋದಿಲ್ಲ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪಿಗಾಗಿ ಇಂಜಿನ್ನನ್ನೇ ಬಿಚ್ಚಿಸುವ ಸ್ಥಿತಿ ನಮಗೆ ಬರಬಾರದು. ಅದಕ್ಕೇ ಈ ಪಾಠ.

1. ಡೀಸೆಲ್ ಇಂಜಿನ್ ಓಡುವುದು ಹೇಗೆ?

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1897ರಲ್ಲಿ ಈ ಇಂಜಿನ್ನನ್ನು ಓಡಿಸಿ ತೋರಿಸಿದ. ಇದರಲ್ಲಿ ಪೆಟ್ರೋಲ್ ಇಂಜಿನ್ನಿನ ಹಾಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಹದಿನಾರರಿಂದ ಇಪ್ಪತ್ತು ಪಾಲಿನಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತಲ್ಲ, ಅದೇ ರೀತಿ ಇಲ್ಲಿ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದರೊಳಗೆ ನಾಝಲ್ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ. ಅದು ತಾನೇ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಇಂಜಿನ್ನಿಗೆ ಬೇಕಾದ್ದು ನಾಲ್ಕೇ: ಜೋರಾಗಿ ತಿರುಗುವುದು, ಶುದ್ಧವಾದ ಡೀಸೆಲ್, ಶುದ್ಧವಾದ ಗಾಳಿ, ಒಳಗಿನ ಒತ್ತಡ. ನಾಲ್ಕರಲ್ಲಿ ಯಾವುದು ಇಲ್ಲ ಅಂತ ಹುಡುಕುವುದೇ ನಮ್ಮ ಕೆಲಸ. ಖರ್ಚಿಲ್ಲದ್ದನ್ನು ಮೊದಲು ನೋಡಬೇಕು, ಖರ್ಚಿನದ್ದನ್ನು ಕೊನೆಗೆ.

2. ಏನನ್ನೂ ಬಿಚ್ಚುವ ಮುಂಚೆ

- ಗಿರಣಿ, ಲೈಟು, ಎಲ್ಲದರ ಸ್ವಿಚ್ ಆಫ್ ಮಾಡಿ. ಹೊರೆ ಇಟ್ಟುಕೊಂಡು ಸ್ಟಾರ್ಟ್ ಮಾಡಬಾರದು.
- ಸ್ಟಾಪ್ ಲಿವರ್ ನೋಡಿ. ನಿನ್ನೆ ಬಂದ್ ಮಾಡಿದವರು ಅದನ್ನು ಹಾಗೇ ಬಿಟ್ಟಿರಬಹುದು. ಕೆಲವು ಮಿಲಿಟರಿ ಯಂತ್ರಗಳಲ್ಲಿ ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಇರುತ್ತೆ. ಅದು ಒತ್ತಿದ ಹಾಗೇ ಇದ್ದರೆ ಇಂಜಿನ್ ಹತ್ತೋದಿಲ್ಲ.
- ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ಅದರ ಕಾಕ್ ತೆರೆದಿದೆಯಾ?
- ಕಡ್ಡಿ ಎತ್ತಿ ಇಂಜಿನ್ ಆಯಿಲ್ ನೋಡಿ. ಆಯಿಲ್ ಒತ್ತಡ ಕಡಿಮೆಯಾದರೆ ಕೆಲವು ಯಂತ್ರಗಳು ತಾವೇ ಬಂದ್ ಆಗುತ್ತವೆ.
- ಇಂಜಿನ್ ಸುತ್ತ ಒಂದು ಸುತ್ತು ಬನ್ನಿ. ನೆಲದ ಮೇಲೆ ಡೀಸೆಲ್ ಅಥವಾ ಆಯಿಲ್ ಬಿದ್ದಿದೆಯಾ? ಇಲಿ ವೈರ್ ಕಡಿದಿದೆಯಾ?

3. ಇಂಜಿನ್ ತಿರುಗುತ್ತಲೇ ಇಲ್ಲ, ಅಥವಾ ನಿಧಾನ ತಿರುಗುತ್ತೆ

ಇದು ಬ್ಯಾಟರಿ ಕಡೆಯ ತೊಂದರೆ ಇರಬಹುದು. ಇಲ್ಲಿ ಮಿಲಿಟರಿ ಮಾಲಿನ ವಿಶೇಷವೊಂದಿದೆ. ನಮ್ಮ ಕಾರು, ಸಣ್ಣ ಜನರೇಟರ್‌ಗಳದ್ದು 12 ವೋಲ್ಟ್. ಮಿಲಿಟರಿ ಯಂತ್ರಗಳು ಹೆಚ್ಚಾಗಿ 24 ವೋಲ್ಟ್. ಅಂದರೆ ಎರಡು ಬ್ಯಾಟರಿ ಬೇಕು. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿರಬೇಕು. 24 ವೋಲ್ಟಿನ ಸೆಲ್ಫಿಗೆ ಒಂದೇ ಬ್ಯಾಟರಿ ಕೊಟ್ಟರೆ "ಟಕ್" ಅಂತ ಸದ್ದಾಗಿ ಸುಮ್ಮನಾಗುತ್ತೆ. 12 ವೋಲ್ಟಿನದಕ್ಕೆ 24 ಕೊಟ್ಟರೆ ಸುಟ್ಟು ಹೋಗುತ್ತೆ. ಯಂತ್ರದ ಮೇಲಿನ ತಗಡಿನ ಪಟ್ಟಿಯಲ್ಲಿ ವೋಲ್ಟ್ ಬರೆದಿರುತ್ತೆ, ಓದಿ ನೋಡಿ.

ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಖಾಲಿ ಅಂತಲೇ ಲೆಕ್ಕ. ಎರಡು ಬ್ಯಾಟರಿಯೂ ಒಂದೇ ಅಳತೆ, ಒಂದೇ ವಯಸ್ಸಿನವು ಇರಲಿ. ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವೈರ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತುದಿಗಳನ್ನು ತೊಳೆದು, ಒರೆಸಿ, ಬಿಗಿ ಮಾಡಿ. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಮೈನಸ್ ವೈರನ್ನು ಕೊನೆಗೆ ಹಾಕಿ. ಬ್ಯಾಟರಿ ಹತ್ತಿರ ಬೆಂಕಿಕಡ್ಡಿ ಗೀರಲೇಬಾರದು.

ಸೆಲ್ಫನ್ನು ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. ಹ್ಯಾಂಡಲ್ ಹಾಕಿ ತಿರುಗಿಸುವ ಇಂಜಿನ್ನಾದರೆ, ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇಡಿ. ಸುತ್ತಿ ಹಿಡಿದರೆ, ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತೆ.

4. ಜೋರಾಗಿ ತಿರುಗುತ್ತೆ, ಆದರೆ ಹತ್ತೋದಿಲ್ಲ: ಹೊಗೆ ನೋಡಿ

ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ದೂರ ನಿಂತು ಸೈಲೆನ್ಸರ್ ನೋಡಲಿ.

- ಹೊಗೆಯೇ ಇಲ್ಲ: ಡೀಸೆಲ್ ಒಳಗೆ ಹೋಗುತ್ತಿಲ್ಲ.
- ಬಿಳಿ ಹೊಗೆ: ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಡೀಸೆಲ್‌ನಲ್ಲಿ ನೀರು, ನಿಧಾನವಾಗಿ ತಿರುಗುವುದು, ಚಳಿ, ಇಲ್ಲವೇ ಒತ್ತಡ ಕಡಿಮೆ.
- ಕಪ್ಪು ಹೊಗೆ: ಗಾಳಿ ಸಾಲದು. ಏರ್ ಫಿಲ್ಟರ್ ನೋಡಿ. ನಿಂತ ಯಂತ್ರದ ಗಾಳಿ ಪೈಪಿನಲ್ಲಿ, ಸೈಲೆನ್ಸರ್‌ನಲ್ಲಿ ಕಣಜ ಗೂಡು ಕಟ್ಟಿರುವುದೂ ಉಂಟು.

5. ಡೀಸೆಲ್ ಮತ್ತು ಏರ್ ಲಾಕ್: ಇದನ್ನು ಚೆನ್ನಾಗಿ ಕಲಿಯಿರಿ

ಹಳೆ ಯಂತ್ರದಲ್ಲಿ ಹೊಗೆಯೇ ಇಲ್ಲ ಅಂದರೆ ಮೊದಲ ಅನುಮಾನ ಇಲ್ಲೇ ಇರಲಿ.

ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತೆ. ತುಕ್ಕಿನ ಪುಡಿ, ಲೋಳೆ ಕಂಡರೆ ಅಥವಾ ಡೀಸೆಲ್ ಕಪ್ಪಾಗಿದ್ದರೆ ಟ್ಯಾಂಕ್ ಖಾಲಿ ಮಾಡಿ ತೊಳೆಸಿ, ಹೊಸ ಫಿಲ್ಟರ್ ಹಾಕಿಸಿ.

ಇನ್ನು ಏರ್ ಲಾಕ್. ಎಳನೀರಿಗೆ ಹಾಕಿದ ಸ್ಟ್ರಾ ಮಧ್ಯದಲ್ಲಿ ಸೀಳಿದ್ದರೆ ಏನಾಗುತ್ತೆ? ಎಷ್ಟು ಎಳೆದರೂ ಬರೀ ಗಾಳಿ. ಜನರೇಟರ್ ಪೈಪಿನದ್ದೂ ಇದೇ ಕಥೆ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿರುತ್ತೆ. ಟ್ಯಾಂಕ್ ಮೇಲಿದ್ದರೆ ಆ ಬಿರುಕಿನಿಂದ ಡೀಸೆಲ್ ತೊಟ್ಟಿಕ್ಕುತ್ತೆ, ಕಣ್ಣಿಗೆ ಕಾಣುತ್ತೆ. ಟ್ಯಾಂಕ್ ಯಂತ್ರದ ಅಡಿಯಲ್ಲಿದ್ದರೆ ಡೀಸೆಲ್ಲನ್ನು ಮೇಲಕ್ಕೆ ಎಳೆಯಬೇಕು. ಆಗ ಹೊರಗೆ ಒಂದು ಹನಿಯೂ ಬೀಳದೆ ಗಾಳಿ ಮಾತ್ರ ಒಳಗೆ ನುಗ್ಗುತ್ತೆ. ಪಂಪು ಒತ್ತಿದಾಗ ಡೀಸೆಲ್ ಬದಲು ಗಾಳಿಗುಳ್ಳೆ ಕುಗ್ಗುತ್ತೆ, ನಾಝಲ್ ತೆರೆಯೋದೇ ಇಲ್ಲ. "ಹತ್ತುತ್ತೆ, ಎರಡು ನಿಮಿಷಕ್ಕೆ ನಿಂತು ಹೋಗುತ್ತೆ" ಅನ್ನುವ ದೂರಿಗೂ ಇದು ಕಾರಣ ಆಗಿರಬಹುದು.

ಗಾಳಿ ತೆಗೆಯುವ ಕ್ರಮ:

ಒಂದು: ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿಸಿ, ಕಾಕ್ ತೆರೆಯಿರಿ. ಅಡಿಗೆ ಬಟ್ಟೆ ಇಡಿ.
ಎರಡು: ಫಿಲ್ಟರ್ ಮೇಲಿನ ಗಾಳಿ ಬಿಡುವ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲ ಮಾಡಿ. ಕೈಪಂಪ್ ಇದ್ದರೆ ಒತ್ತುತ್ತಾ ಇರಿ. ಮೊದಲು ನೊರೆ, ಗುಳ್ಳೆ ಬರುತ್ತೆ. ಗುಳ್ಳೆ ನಿಂತು ಡೀಸೆಲ್ ಒಂದೇ ಸಮ ಹರಿದಾಗ, ಹರಿಯುತ್ತಿರುವಾಗಲೇ ಬಿಗಿ ಮಾಡಿ.
ಮೂರು: ದೊಡ್ಡ ಪಂಪಿನ ಮೇಲಿನ ಸ್ಕ್ರೂವಿಗೂ ಹೀಗೇ ಮಾಡಿ.
ನಾಲ್ಕು: ಚೆಲ್ಲಿದ ಡೀಸೆಲ್ ಒರೆಸಿ, ಸ್ಟಾರ್ಟ್ ಮಾಡಿ ನೋಡಿ.

ಗುಳ್ಳೆ ನಿಲ್ಲುತ್ತಲೇ ಇಲ್ಲ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ರಬ್ಬರ್ ಪೈಪು, ಕ್ಲಿಪ್ಪು, ವಾಷರ್ ಬದಲಾಯಿಸಿ. ಇದು ಸಣ್ಣ ಖರ್ಚು. ಹಳೆ ಯಂತ್ರ ಕೊಂಡ ತಕ್ಷಣ ಇಷ್ಟನ್ನೂ ಹೊಸದು ಹಾಕಿಸುವುದು ಜಾಣತನ.

ನಾಝಲ್ಲಿಗೆ ಹೋಗುವ ಕಬ್ಬಿಣದ ಸಣ್ಣ ಪೈಪನ್ನು ಮಾತ್ರ ನಾವು ಬಿಚ್ಚಬಾರದು. ಕಾರಿನ ಟೈರಿನಲ್ಲಿರುವ ಒತ್ತಡಕ್ಕಿಂತ ಸುಮಾರು ನೂರು ಪಟ್ಟು ಒತ್ತಡ ಅಲ್ಲಿರಬಹುದು. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

6. ಮೆಕ್ಯಾನಿಕ್ಕನ್ನು ಯಾವಾಗ ಕರೆಯಬೇಕು?

ಇಷ್ಟೆಲ್ಲ ಆದಮೇಲೂ ಹತ್ತದಿದ್ದರೆ, ಹ್ಯಾಂಡಲ್ ಪ್ರತಿರೋಧವೇ ಇಲ್ಲದೆ ಸಲೀಸಾಗಿ ತಿರುಗಿದರೆ (ಒಳಗಿನ ಒತ್ತಡ ಇಲ್ಲ), ಆಯಿಲ್ ಹಾಲುಹಾಲಾಗಿ ನೀರು ಬೆರೆತಂತೆ ಕಂಡರೆ, ಇಂಜಿನ್ ಓಡಿಯೂ ಕರೆಂಟ್ ಬರದಿದ್ದರೆ ಕರೆಯಬೇಕು. ಬಹಳ ದಿನ ನಿಂತ ಜನರೇಟರ್ ತನ್ನೊಳಗಿನ ಅಯಸ್ಕಾಂತ ಶಕ್ತಿ ಕಳೆದುಕೊಂಡಿರಬಹುದು. ಅದನ್ನು ಎಲೆಕ್ಟ್ರಿಷಿಯನ್ ಸರಿಮಾಡುತ್ತಾರೆ.

ಫೋನಿನಲ್ಲಿ "ಸ್ಟಾರ್ಟ್ ಆಗ್ತಿಲ್ಲ, ಬನ್ನಿ" ಅಂತ ಮಾತ್ರ ಹೇಳಬೇಡಿ. ಹೀಗೆ ಹೇಳಿ:

"ಅಣ್ಣಾ, ಬ್ಯಾಟರಿ ಎರಡೂ ಸರಿ ಇದೆ, ಸೆಲ್ಫ್ ಜೋರಾಗಿ ತಿರುಗುತ್ತೆ. ಹೊಗೆ ಒಂಚೂರೂ ಬರ್ತಿಲ್ಲ. ಫಿಲ್ಟರ್, ಪಂಪು ಎರಡೂ ಕಡೆ ಗಾಳಿ ತೆಗೆದಿದ್ದೀವಿ, ಗುಳ್ಳೆ ಇಲ್ಲ. ಸ್ಟಾಪ್ ಲಿವರೂ ನೋಡಿದ್ವಿ."

"ಹಾಗಾದ್ರೆ ಪಂಪ್, ನಾಝಲ್ ನೋಡ್ಬೇಕಕ್ಕಾ. ಅದರ ಸಾಮಾನು ತಗೊಂಡೇ ಬರ್ತೀನಿ."

ಇದರಿಂದ ಒಂದು ಓಡಾಟ ಉಳಿಯಿತು. ತಿಳಿದವರ ಹತ್ತಿರ ಕೆಲಸ ಮಾಡುತ್ತಿದ್ದೇನೆ ಅಂತ ಅವರಿಗೂ ಗೊತ್ತಾಯಿತು. ಬದಲಾಯಿಸಿದ ಹಳೆ ಸಾಮಾನನ್ನು ಕೇಳಿ ಇಟ್ಟುಕೊಳ್ಳಿ. ಬಿಲ್ ಪಡೆಯಿರಿ.

7. ಜೀವಕ್ಕಿಂತ ಗಿರಣಿ ದೊಡ್ಡದಲ್ಲ

- ಮಳೆ ಬಂತು ಅಂತ ಜನರೇಟರ್‌ನ್ನು ಕೋಣೆಯೊಳಗೆ, ಜಗಲಿ ಮೇಲೆ ಇಟ್ಟು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬಂದು ಎಚ್ಚರ ತಪ್ಪಿ ಪ್ರಾಣವೇ ಹೋಗುತ್ತೆ.
- ಸ್ಟಾರ್ಟ್ ಆಗಲಿ ಅಂತ ಗಾಳಿ ಪೈಪಿಗೆ ಪೆಟ್ರೋಲ್ ಹಾಕುವುದು, ಸ್ಪ್ರೇ ಹೊಡೆಯುವುದು, ಬೆಂಕಿ ಹಿಡಿಯುವುದು ಬೇಡ. ಇಂಜಿನ್ ಒಡೆಯಬಹುದು, ಮುಖ ಸುಡಬಹುದು.
- ಸೆರಗು ಸಿಕ್ಕಿಸಿ, ಜಡೆ ಮೇಲಕ್ಕೆ ಕಟ್ಟಿ, ದುಪಟ್ಟಾ ತೆಗೆದಿಟ್ಟು ಕೆಲಸಕ್ಕೆ ನಿಲ್ಲಿ. ಬೆಲ್ಟು, ಫ್ಯಾನು ಯಾರನ್ನೂ ನೋಡೋದಿಲ್ಲ.
- ಚೇಂಜ್ ಓವರ್ ಸ್ವಿಚ್ ಇಲ್ಲದೆ ಮನೆ ಅಥವಾ ಗಿರಣಿಯ ವೈರಿಂಗಿಗೆ ಜೋಡಿಸಬೇಡಿ. ಕರೆಂಟ್ ಹಿಂದಕ್ಕೆ ಲೈನಿಗೆ ಹೋದರೆ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ.

8. ಕೊಳ್ಳುವ ಮೊದಲು

ವ್ಯಾಪಾರಿ ಸ್ಟಾರ್ಟ್ ಮಾಡಿ ತೋರಿಸುವ ಮುಂಚೆ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿದ್ದಾರೆ ಅಂತ ಅರ್ಥ. ಬಿಸಿ ಇಂಜಿನ್ ಸುಲಭವಾಗಿ ಹತ್ತುತ್ತೆ, ಕಾಯಿಲೆ ಮುಚ್ಚಿಹೋಗುತ್ತೆ. "ಪೂರ್ತಿ ತಣ್ಣಗಾದ ಮೇಲೆ ಬರ್ತೀವಿ" ಅನ್ನಿ. ಗಿರಣಿಯಷ್ಟು ಹೊರೆ ಹಾಕಿ ಒಂದು ಗಂಟೆ ಓಡಿಸಿ ನೋಡಿ. ಫಿಲ್ಟರ್, ನಾಝಲ್ ಹತ್ತಿರದ ಪೇಟೆಯಲ್ಲಿ ಸಿಗುತ್ತಾ ಅಂತ ವಿಚಾರಿಸಿ. ಬಿಡಿಭಾಗ ಸಿಗದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ. ಬಿಲ್ಲು, ಹರಾಜಿನ ಕಾಗದ ಕೇಳಿ ಪಡೆಯಿರಿ.

9. ಜನರೇಟರ್‌ಗೂ ಒಂದು ಪುಸ್ತಕ

ಸಾಲದ ಲೆಡ್ಜರ್ ಬರೆಯುವ ನಮಗೆ ಇದು ಕಷ್ಟವಲ್ಲ. ದಿನಾಂಕ, ಓಡಿಸಿದ ಗಂಟೆ, ಹಾಕಿದ ಡೀಸೆಲ್, ಆಯಿಲ್ ಬದಲಾಯಿಸಿದ್ದು, ಬಂದ ತೊಂದರೆ, ಆದ ಖರ್ಚು, ಓಡಿಸಿದವರ ಸಹಿ. ಕೆಲಸ ಇಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಹೊರೆ ಹಾಕಿ ಅರ್ಧ ಗಂಟೆ ಓಡಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಯಂತ್ರ 12 ವೋಲ್ಟೋ, 24 ವೋಲ್ಟೋ? ಸ್ಟಾಪ್ ಲಿವರ್, ಗಾಳಿ ಬಿಡುವ ಸ್ಕ್ರೂ ಎಲ್ಲಿದೆ? ಎಲ್ಲರೂ ಹೋಗಿ ನೋಡಿ.
2. ಕಳೆದ ವರ್ಷ ರಿಪೇರಿಗೆ ಎಷ್ಟು ಖರ್ಚಾಯಿತು? ಅದರಲ್ಲಿ ನಾವೇ ಮಾಡಬಹುದಾದ್ದು ಎಷ್ಟು?
3. ಏರ್ ಲಾಕ್ ತೆಗೆಯಲು ಕಲಿಯುವ ಇಬ್ಬರು ಸದಸ್ಯರು ಯಾರು? ಒಬ್ಬರೇ ಕಲಿತರೆ ಸಾಲದು. ಅವರು ಊರಿಗೆ ಹೋದ ದಿನವೇ ಯಂತ್ರ ನಿಲ್ಲುತ್ತೆ!

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಗೆ ಮುಂಚೆ ಆ ಇಬ್ಬರು ಮೆಕ್ಯಾನಿಕ್ ಜೊತೆ ನಿಂತು ಒಮ್ಮೆ ಕೈಯಾರೆ ಮಾಡಿ ನೋಡಲಿ.