ಶಿಷ್ಯತ್ವದ ಬೆಲೆ ಮತ್ತು ಪೂರ್ವಾಶ್ರಯದ ಪ್ರಶ್ನೆ: ಹರ್ಮನ್ ಆನಂದರಾವ್ ಕೌಂಡಿನ್ಯರ ಬದುಕನ್ನು ಮುಂದಿಟ್ಟುಕೊಂಡು

'ಬಿಡುವುದು' ಎಂಬ ಕ್ರಿಯೆ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಜೈನ ಕಾವ್ಯಗಳ ನಾಯಕರು ರಾಜ್ಯವನ್ನು ಬಿಟ್ಟು ದೀಕ್ಷೆ ಪಡೆಯುತ್ತಾರೆ. ಶರಣರು ಕುಲವನ್ನು ಬಿಡುತ್ತಾರೆ. ಅಕ್ಕಮಹಾದೇವಿ ಅರಮನೆಯನ್ನು ತೊರೆದು ಕಲ್ಯಾಣದ ದಾರಿ ಹಿಡಿಯುತ್ತಾಳೆ. ಈ ಪರಂಪರೆಯನ್ನು ಕುರಿತು ನಮ್ಮಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಆದರೆ 19ನೆಯ ಶತಮಾನದಲ್ಲಿ ಇದೇ ನೆಲದಲ್ಲಿ, ಇದೇ ಭಾಷೆಯಲ್ಲಿ ನಡೆದ ಇನ್ನೊಂದು ಬಗೆಯ 'ಬಿಡುವಿಕೆ'ಯನ್ನು, ಅಂದರೆ ಕ್ರೈಸ್ತ ಶಿಷ್ಯತ್ವಕ್ಕಾಗಿ ಹಳೆಯ ನಂಟುಗಳನ್ನು ತೊರೆದುದನ್ನು, ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಹೆಚ್ಚಾಗಿ ಚರಿತ್ರೆಯ ವಿಭಾಗಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ಬಾಸೆಲ್ ಮಿಷನ್ ಎಂದೊಡನೆ ನಮಗೆ ನೆನಪಾಗುವುದು 1843ರ 'ಮಂಗಳೂರು ಸಮಾಚಾರ', ಕಿಟೆಲರ 1894ರ ನಿಘಂಟು, ಮುದ್ರಣಾಲಯ ಮತ್ತು ಹಂಚಿನ ಕಾರ್ಖಾನೆ. ಆ ಮಿಷನ್ ಮುಂದಿಟ್ಟ ಮೂಲಭೂತ ಬೇಡಿಕೆಯ ಸ್ವರೂಪವೇನು, ಅದನ್ನು ಒಪ್ಪಿಕೊಂಡವರು ತೆತ್ತ ಬೆಲೆಯೇನು, ಆ ಬೆಲೆಯನ್ನು ನಿಜವಾಗಿ ತೆತ್ತವರು ಯಾರು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ.

1. ಸುವಾರ್ತೆಗಳಲ್ಲಿ 'ಬಿಡುವುದು'

ಹೊಸ ಒಡಂಬಡಿಕೆಯ ಸುವಾರ್ತೆಗಳಲ್ಲಿ ಶಿಷ್ಯತ್ವದ ಕರೆ ಬಹಳ ಸಂಕ್ಷಿಪ್ತವಾಗಿ ಬರುತ್ತದೆ. ಮತ್ತಾಯನ 4ನೆಯ ಅಧ್ಯಾಯದಲ್ಲಿ ಬೆಸ್ತರು ಬಲೆಯನ್ನೂ ದೋಣಿಯನ್ನೂ ತಂದೆಯನ್ನೂ ಬಿಟ್ಟು ಯೇಸುವನ್ನು ಹಿಂಬಾಲಿಸುತ್ತಾರೆ. ಇಲ್ಲಿ ಕಸುಬು ಮತ್ತು ಕುಟುಂಬ ಎರಡೂ ಒಂದೇ ಗಳಿಗೆಯಲ್ಲಿ ಹಿಂದೆ ಉಳಿಯುತ್ತವೆ. ಲೂಕನ 9ನೆಯ ಅಧ್ಯಾಯದ ಕೊನೆಯಲ್ಲಿ ಈ ಬೇಡಿಕೆ ಇನ್ನಷ್ಟು ಕಠಿಣವಾಗುತ್ತದೆ. ತಂದೆಯನ್ನು ಹೂಳಿ ಬರುತ್ತೇನೆ ಎಂದವನಿಗೂ, ಮನೆಯವರಿಗೆ ಹೇಳಿ ಬರುತ್ತೇನೆ ಎಂದವನಿಗೂ ಅವಕಾಶ ದೊರೆಯುವುದಿಲ್ಲ. ಎರಡನೆಯವನಿಗೆ ಕೊಟ್ಟ ಉತ್ತರದಲ್ಲಿ ನೇಗಿಲಿನ ರೂಪಕವಿದೆ. ಇದು ಹಳೆಯ ಒಡಂಬಡಿಕೆಯ ಎಲೀಷನ ಪ್ರಸಂಗವನ್ನು (1 ಅರಸುಗಳು 19) ನೆನಪಿಸುತ್ತದೆ. ಉಳುತ್ತಿದ್ದ ಎಲೀಷನಿಗೆ ತಂದೆತಾಯಿಯರಿಗೆ ಮುತ್ತಿಟ್ಟು ಬರಲು ಎಲೀಯನು ಅಡ್ಡಿಪಡಿಸಿರಲಿಲ್ಲ. ಪ್ರವಾದಿಯು ಕೊಟ್ಟ ಬಿಡುವನ್ನು ಯೇಸು ಕೊಡುವುದಿಲ್ಲ ಎಂಬ ಈ ವ್ಯತ್ಯಾಸದಲ್ಲಿಯೇ ಲೂಕನು ಕರೆಯ ತುರ್ತನ್ನು ಸೂಚಿಸಿದ್ದಾನೆ.

ಅತ್ಯಂತ ಕಠೋರವಾದ ಮಾತು ಬರುವುದು ಲೂಕ 14:26ರಲ್ಲಿ. ಅಲ್ಲಿ ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಕೊನೆಗೆ ಸ್ವಂತ ಪ್ರಾಣವನ್ನೂ 'ಹಗೆ ಮಾಡುವ' ಬೇಡಿಕೆಯಿದೆ. ಈ ಹಗೆ ಎಂಬುದು ಸೆಮಿಟಿಕ್ ನುಡಿಗಟ್ಟಿನದು. ಆದಿಕಾಂಡದ 29ನೆಯ ಅಧ್ಯಾಯದಲ್ಲಿ ಲೇಯಳ ಬಗ್ಗೆ ಇದೇ ಮಾತು ಬರುವಾಗ, ಯಾಕೋಬನು ಆಕೆಯನ್ನು ರಾಹೇಲಳಿಗಿಂತ ಕಡಿಮೆ ಪ್ರೀತಿಸಿದನು ಎಂಬುದೇ ಅದರ ಅರ್ಥ. ಮತ್ತಾಯನ ಸಮಾನಾಂತರ ವಾಕ್ಯ (10:37) 'ಹೆಚ್ಚಾಗಿ ಪ್ರೀತಿಸುವುದು' ಎಂಬ ಹೋಲಿಕೆಯ ರೂಪದಲ್ಲಿಯೇ ಇರುವುದು ಈ ವಿವರಣೆಗೆ ಪುಷ್ಟಿ ನೀಡುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಮತ್ತಾಯನ ಈ ವಾಕ್ಯದಲ್ಲಿ ಹೆಂಡತಿಯ ಹೆಸರಿಲ್ಲ. ಲೂಕನು ಎರಡು ಕಡೆ (14:26 ಮತ್ತು 18:29) ಹೆಂಡತಿಯನ್ನು ಬಿಡಬೇಕಾದವರ ಪಟ್ಟಿಗೆ ಸೇರಿಸಿದ್ದಾನೆ. ಆ ಪಟ್ಟಿಯ ಕೇಳುಗನು ಗಂಡಸು ಎಂಬುದು ಅದರಿಂದಲೇ ಸ್ಪಷ್ಟ.

ಹಾಗೆಂದು ಸುವಾರ್ತೆಗಳು ಏಕಮುಖವಾಗಿಲ್ಲ. ಬಲೆಯನ್ನು ಬಿಟ್ಟ ಪೇತ್ರನ ಮನೆಗೆ ಯೇಸು ಹೋಗುತ್ತಾನೆ, ಅವನ ಅತ್ತೆಯ ಜ್ವರವನ್ನು ವಾಸಿಮಾಡುತ್ತಾನೆ (ಮಾರ್ಕ 1). ಪೇತ್ರನು ಮುಂದೆ ತನ್ನ ಪತ್ನಿಯೊಂದಿಗೆ ಸಂಚರಿಸುತ್ತಿದ್ದನೆಂಬುದು ಪೌಲನ ಮಾತಿನಿಂದ (1 ಕೊರಿಂಥ 9:5) ತಿಳಿಯುತ್ತದೆ. ದೇವರಿಗೆ ಮುಡಿಪೆಂಬ ನೆಪದಿಂದ ತಂದೆತಾಯಿಯರಿಗೆ ಸಲ್ಲಬೇಕಾದುದನ್ನು ತಪ್ಪಿಸುವವರನ್ನು ಮಾರ್ಕನ 7ನೆಯ ಅಧ್ಯಾಯದಲ್ಲಿ ಯೇಸು ತೀವ್ರವಾಗಿ ಖಂಡಿಸುತ್ತಾನೆ. ಯೋಹಾನನ 19ನೆಯ ಅಧ್ಯಾಯದಲ್ಲಿ ಶಿಲುಬೆಯ ಮೇಲಿಂದಲೇ ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸುತ್ತಾನೆ. ಆದ್ದರಿಂದ ಇಲ್ಲಿ ಬಿಡಬೇಕಾದುದು ನಂಟಿನ ಮೊದಲ ಹಕ್ಕನ್ನೇ ಹೊರತು ನಂಟಿನ ಹೊಣೆಯನ್ನಲ್ಲ. ಆದರೆ ಬದುಕಿನಲ್ಲಿ ಹಕ್ಕು ಮತ್ತು ಹೊಣೆಗಳನ್ನು ಹೀಗೆ ಬೇರ್ಪಡಿಸುವುದು ಸಾಧ್ಯವೇ? ಮಂಗಳೂರಿನ ಉದಾಹರಣೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

2. ಕೌಂಡಿನ್ಯರ ದೀಕ್ಷಾಸ್ನಾನ

ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ್ದು 1834ರಲ್ಲಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರು ಶಿಕ್ಷಣದ ಕಡೆಗೆ ಹೆಚ್ಚಿನ ಗಮನ ಕೊಟ್ಟರು. ಮಿಷನ್ನಿನ ಇಂಗ್ಲಿಷ್ ಶಾಲೆಗೆ ಬಂದ ಮೇಲ್ಜಾತಿಯ ತರುಣರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ (1825–1893) ಒಬ್ಬರು. 1844ರ ಜನವರಿಯಲ್ಲಿ ಅವರು ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ 18ರ ಆಸುಪಾಸಿನ ವಯಸ್ಸು. ಬಾಲ್ಯದಲ್ಲಿಯೇ ವಿವಾಹವಾಗುವ ಅಂದಿನ ಪದ್ಧತಿಯಂತೆ ಅವರಿಗೆ ಮದುವೆಯೂ ಆಗಿತ್ತು. ಈ ಘಟನೆಯಿಂದ ಊರಿನಲ್ಲಿ ದೊಡ್ಡ ಕ್ಷೋಭೆಯೇ ಉಂಟಾಯಿತು. ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗ್ ಅವರೊಂದಿಗೆ ಬಾಸೆಲ್ಲಿಗೆ ಹೋಗಿ ದೇವಶಾಸ್ತ್ರವನ್ನು ಅಭ್ಯಾಸ ಮಾಡಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಹೊಂದಿ ಹಿಂದಿರುಗಿದರು. ಮುಂದೆ ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾಗಿಯೂ ಕೊಡಗಿನ ಆನಂದಪುರದಲ್ಲಿ ಸಭಾಪಾಲಕರಾಗಿಯೂ ಸೇವೆ ಸಲ್ಲಿಸಿದರು.

'ದೀಕ್ಷಾಸ್ನಾನ' ಎಂಬ ಪದವನ್ನೇ ನೋಡೋಣ. ಕನ್ನಡದ ಪ್ರಾಟೆಸ್ಟೆಂಟ್ ಕ್ರೈಸ್ತರು ಬಳಸುವ ಈ ಪದದಲ್ಲಿ ಜೈನರಿಗೂ ಶೈವರಿಗೂ ಪರಿಚಿತವಾದ 'ದೀಕ್ಷೆ' ಸೇರಿಕೊಂಡಿದೆ. ಹೊಸ ಧರ್ಮದ ಪ್ರವೇಶವಿಧಿ ಹಳೆಯ ಭಾಷೆಯ ಅರ್ಥಭಾರವನ್ನು ಹೊತ್ತುಕೊಂಡೇ ಬಂದಿದೆ. ಹೆಸರಿನ ವಿಷಯವೂ ಹೀಗೆಯೇ. ಆನಂದರಾಯರು ಮೋಗ್ಲಿಂಗ್ ಅವರ 'ಹರ್ಮನ್' ಎಂಬ ಹೆಸರನ್ನು ತಳೆದರು, ಆದರೆ 'ಕೌಂಡಿನ್ಯ' ಎಂಬ ಗೋತ್ರನಾಮ ಕೊನೆಯವರೆಗೂ ಅವರೊಂದಿಗಿತ್ತು. ಜರ್ಮನ್ ಗುರುವಿನ ಹೆಸರು, ತಂದೆತಾಯಿ ಇಟ್ಟ ಹೆಸರು, ಋಷಿಮೂಲದ ಹೆಸರು ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿರುವುದನ್ನು ಕಂಡಾಗ, ಪೂರ್ವಸಂಬಂಧವನ್ನು ಪೂರ್ಣವಾಗಿ ಕಡಿದುಕೊಳ್ಳುವುದೆಂಬ ಮಾತು ಎಷ್ಟು ಸರಳೀಕೃತವಾದುದೆಂಬುದು ಅರಿವಾಗುತ್ತದೆ.

ಮೋಗ್ಲಿಂಗ್ ಅವರು ಈ ತರುಣನನ್ನು ಮಗನಂತೆ ಸ್ವೀಕರಿಸಿದರು. ಮಾರ್ಕನ 10ನೆಯ ಅಧ್ಯಾಯದ ಒಂದು ಸೂಕ್ಷ್ಮ ಇಲ್ಲಿ ಪ್ರಸ್ತುತವಾಗುತ್ತದೆ. 29ನೆಯ ವಾಕ್ಯದಲ್ಲಿ ಬಿಡಬೇಕಾದವರ ನಡುವೆ ತಂದೆಯಿದ್ದಾನೆ. 30ನೆಯ ವಾಕ್ಯದಲ್ಲಿ ನೂರ್ಮಡಿಯಾಗಿ ಮರಳಿ ದೊರೆಯುವವುಗಳಲ್ಲಿ ಮನೆ, ಅಣ್ಣತಮ್ಮಂದಿರು, ತಾಯಂದಿರು, ಮಕ್ಕಳು, ಭೂಮಿ ಇವೆ, ತಂದೆ ಮಾತ್ರ ಇಲ್ಲ. ಹೊಸ ಕುಟುಂಬದಲ್ಲಿ ದೇವರೊಬ್ಬನೇ ತಂದೆ ಎಂಬುದು ಇದರ ಇಂಗಿತವೆಂದು ಗ್ರಹಿಸಬಹುದು. ಆದರೆ ವಸಾಹತು ಕಾಲದ ಮಿಷನ್ನಿನಲ್ಲಿ ಖಾಲಿಯಾದ ತಂದೆಯ ಸ್ಥಾನವನ್ನು ಯುರೋಪಿನ ಗುರು ತುಂಬಿದನು. ಮೋಗ್ಲಿಂಗ್ ಅವರ ವಾತ್ಸಲ್ಯ ನಿಜವಾದುದೇ, ಅದರಲ್ಲಿ ಸಂದೇಹವಿಲ್ಲ. ಆದರೂ ವಾತ್ಸಲ್ಯದೊಂದಿಗೆ ಅಧಿಕಾರವೂ ಬಂದಿತೆಂಬುದನ್ನು ಮರೆಯಲಾಗದು.

3. ಬಿಟ್ಟವರು ಮತ್ತು ಹಿಂದುಳಿದವರು

ಕೌಂಡಿನ್ಯರ ಪತ್ನಿ ಅವರೊಂದಿಗೆ ಬಂದು ಬಾಳಲಿಲ್ಲ. ವರ್ಷಗಳು ಕಳೆದ ಮೇಲೆ, 1860ರಲ್ಲಿ, ಅವರು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾದರು. ದೀಕ್ಷಾಸ್ನಾನಕ್ಕೂ ಈ ವಿವಾಹಕ್ಕೂ ನಡುವೆ 16 ವರ್ಷಗಳ ಅಂತರವಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ, ನಂಬದ ಸಂಗಾತಿ ಜೊತೆಯಲ್ಲಿರಲು ಒಪ್ಪಿದರೆ ಬಿಡಕೂಡದೆಂದೂ ಅಗಲಿ ಹೋದರೆ ನಂಬಿದವರು ಬದ್ಧರಲ್ಲವೆಂದೂ ವಿಧಿಸಿದ್ದಾನೆ. ಈ ವಿಧಿಯ ಪ್ರಕಾರ ಕೌಂಡಿನ್ಯರಲ್ಲಿ ತಪ್ಪಿಲ್ಲ. ಆದರೆ ಆ ಹೆಣ್ಣುಮಗಳ ದೃಷ್ಟಿಯಿಂದ ನೋಡಿದಾಗ 'ಅಗಲಿ ಹೋದವರು' ಯಾರು? ಆಕೆ ಇದ್ದಲ್ಲಿಯೇ ಇದ್ದಳು. ಮನೆ, ಕುಲ, ದೇವರು, ಅಡುಗೆಯ ಮಡಿ ಯಾವುದನ್ನೂ ಆಕೆ ಬಿಡಲಿಲ್ಲ. ಬಿಟ್ಟು ಹೋದವನು ಗಂಡ. ಪೌಲನ ವಾಕ್ಯದ ಕರ್ತೃ ಮತ್ತು ಬದುಕಿನ ಕರ್ತೃ ಇಲ್ಲಿ ಅದಲುಬದಲಾಗುತ್ತಾರೆ. ಪುನರ್ವಿವಾಹಕ್ಕೆ ಅವಕಾಶವಿಲ್ಲದ ಅಂದಿನ ಬ್ರಾಹ್ಮಣ ಸಮಾಜದಲ್ಲಿ, ಗಂಡನು ಬದುಕಿದ್ದೂ ಇಲ್ಲದಂತಾದ ಹೆಣ್ಣಿನ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಮಿಷನ್ ವರದಿಗಳ ಬರೆಹಗಾರರು ಮಿಷನರಿಗಳು, ಅವುಗಳ ಓದುಗರು ಯುರೋಪಿನ ದಾನಿಗಳು. ಸಹಜವಾಗಿಯೇ ಅಲ್ಲಿ ಬಿಟ್ಟು ಬಂದವನ ಧೈರ್ಯ ಮುನ್ನೆಲೆಗೆ ಬರುತ್ತದೆ. ಹಿಂದುಳಿದವಳ ನಿರಾಕರಣೆ ಒಂದು ಅಡ್ಡಿಯಾಗಿ ತೋರುತ್ತದೆ. ಆ ನಿರಾಕರಣೆಯೂ ಒಂದು ನಿಷ್ಠೆಯೇ ಎಂದು ಓದುವ ಹೊಣೆ ಇಂದಿನ ಸಂಶೋಧಕರದು.

ಅಂದಿನ ಕಾನೂನಿನ ಚೌಕಟ್ಟೂ ಗಮನಾರ್ಹ. 1844ರಲ್ಲಿ ಮತಾಂತರ ಹೊಂದಿದವನು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವ ಸಂಭವವಿತ್ತು. ಈ ಬಗೆಯ ರಕ್ಷಣೆ ನೀಡಿದ 1832ರ ನಿಯಮ ಬಂಗಾಳ ಪ್ರಾಂತ್ಯಕ್ಕೆ ಮಾತ್ರ ಅನ್ವಯಿಸುತ್ತಿತ್ತು, ಮಂಗಳೂರು ಮದರಾಸು ಪ್ರಾಂತ್ಯದಲ್ಲಿತ್ತು. ಕುಲಭ್ರಷ್ಟತೆಯಿಂದ ಆಸ್ತಿಯ ಹಕ್ಕು ಹೋಗುವುದಿಲ್ಲವೆಂಬ ಶಾಸನ ಬಂದದ್ದು 1850ರಲ್ಲಿ. ಮತಾಂತರಗೊಂಡವರ ಸಂಗಾತಿ ಜೊತೆಯಲ್ಲಿ ಬಾಳಲು ಒಪ್ಪದಿದ್ದಾಗ ವಿವಾಹ ವಿಚ್ಛೇದನಕ್ಕೆ ಅವಕಾಶ ನೀಡಿದ ಶಾಸನ ಬಂದದ್ದು 1866ರಲ್ಲಿ, ಅಂದರೆ ಕೌಂಡಿನ್ಯರ ಎರಡನೆಯ ವಿವಾಹವಾಗಿ ಆರು ವರ್ಷಗಳ ನಂತರ. ಸುವಾರ್ತೆ ಒಂದು ಮಾತಿನಲ್ಲಿ ಕೇಳಿದುದನ್ನು ಇತ್ಯರ್ಥಪಡಿಸಲು ಸರ್ಕಾರಕ್ಕೆ ದಶಕಗಳೇ ಬೇಕಾದವು.

4. ಪೂರ್ವಾಶ್ರಯ: ಶರಣರ ಪರಿಭಾಷೆಯ ಬೆಳಕಿನಲ್ಲಿ

ದೀಕ್ಷೆಗೆ ಮುಂಚಿನ ಕುಲ ಮತ್ತು ಸಂಬಂಧಗಳನ್ನು ಶರಣರು 'ಪೂರ್ವಾಶ್ರಯ' ಎಂದು ಕರೆದರು. ಭಕ್ತನಾದ ಬಳಿಕ ಪೂರ್ವಾಶ್ರಯವನ್ನು ಎಣಿಸಬಾರದೆಂಬುದು ಅವರ ನಿಲುವು. ಇದು ಸಂನ್ಯಾಸವಲ್ಲ, ಬಸವಣ್ಣನವರು ಗೃಹಸ್ಥರಾಗಿಯೇ ಇದ್ದರು. ಸಂಸಾರವನ್ನು ಬಿಡದೆ ಕುಲವನ್ನು ಬಿಡುವ ಈ ಮಾರ್ಗ ಕ್ರೈಸ್ತ ಶಿಷ್ಯತ್ವಕ್ಕೆ ಹತ್ತಿರವಾದುದು. ಎರಡು ಕಡೆಯೂ ನಿಜವಾದ ಪರೀಕ್ಷೆ ನಡೆಯುವುದು ಮದುವೆ ಮತ್ತು ಊಟದ ವಿಷಯದಲ್ಲಿಯೇ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹದಿಂದ ಕಲ್ಯಾಣದಲ್ಲಿ ಕ್ಷೋಭೆಯಾಯಿತೆಂಬ ಪರಂಪರೆಯ ಕಥನವನ್ನು ಮಂಗಳೂರಿನ ಗಲಭೆಯೊಂದಿಗೆ ಇಟ್ಟು ನೋಡಿದರೆ ಈ ಸಾಮ್ಯ ಸ್ಪಷ್ಟವಾಗುತ್ತದೆ.

ವ್ಯತ್ಯಾಸವೂ ಇದೆ. ಅಕ್ಕಮಹಾದೇವಿಯ ಕಥೆಯಲ್ಲಿ ಬಿಡುವವಳು ಹೆಣ್ಣು, ಹಿಂದುಳಿದವನು ಗಂಡು. ಕೌಶಿಕನೊಂದಿಗೆ ಮದುವೆಯಾಯಿತೆಂದು ಹರಿಹರನೂ ಆಗಲಿಲ್ಲವೆಂದು ಚಾಮರಸನೂ ಹೇಳುತ್ತಾರೆ. ಬಿಟ್ಟುದು ಗಂಡನನ್ನೇ ಅಲ್ಲವೇ ಎಂಬ ಪ್ರಶ್ನೆ ಕವಿಗಳನ್ನೂ ಕಾಡಿತ್ತೆಂಬುದಕ್ಕೆ ಈ ಭಿನ್ನತೆಯೇ ಸಾಕ್ಷಿ. ಆದರೆ ಕೌಶಿಕನಿಗೆ ರಾಜ್ಯವಿತ್ತು. ಕೌಂಡಿನ್ಯರ ಪತ್ನಿಗೆ ಅಂಥ ಆಸರೆಯಿರಲಿಲ್ಲ.

ಜಾತಿಯ ದೃಷ್ಟಿಯಿಂದಲೂ ಬಿಡುವಿಕೆಯ ಅರ್ಥ ಬದಲಾಗುತ್ತದೆ. ಕರಾವಳಿಯಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ಅವರು ಮೂರ್ತೆಯ ಕಸುಬನ್ನು ಬಿಡಬೇಕಾಯಿತು. ಭೂತಾರಾಧನೆಯ ಕಟ್ಟುಕಟ್ಟಲೆಗಳಿಂದ ಹೊರಬಂದವರು ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುವ ಅಪಾಯವಿತ್ತು. ಬಲೆಯನ್ನು ಬಿಟ್ಟ ಬೆಸ್ತರಿಗೆ ಮುಂದೆ ಅನ್ನಕ್ಕೇನು ಗತಿ ಎಂಬ, ಸುವಾರ್ತೆ ವಿವರಿಸದ ಪ್ರಶ್ನೆಗೆ ಮಿಷನ್ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳ ಮೂಲಕ ಉತ್ತರ ಹುಡುಕಿತು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹಂಚಿನ ಉದ್ಯಮವನ್ನು ಶಿಷ್ಯತ್ವದ ಬೆಲೆಯ ಲೆಕ್ಕದಲ್ಲಿಯೂ ಓದಬೇಕಾಗಿದೆ.

ಕೊಡಗಿನ ಆನಂದಪುರದ ಚಿತ್ರ ಇನ್ನೂ ಬೇರೆ. 1853ರಲ್ಲಿ ಕೊಡಗಿಗೆ ಬಂದ ಮೋಗ್ಲಿಂಗ್ ಅವರು ಅಲ್ಲಿ ನೆಲೆಗೊಳಿಸಿದ ಕ್ರೈಸ್ತರು ಬಹುಮಟ್ಟಿಗೆ ಹೊಲೆಯ ಸಮುದಾಯದವರು. ಒಡೆಯರ ಜಮೀನಿನಲ್ಲಿ ಜೀತಕ್ಕೆ ಕಟ್ಟುಬಿದ್ದಿದ್ದವರಿಗೆ ಹಳೆಯ ನಂಟನ್ನು ಬಿಡುವುದೆಂದರೆ ತ್ಯಾಗವಲ್ಲ, ಬಿಡುಗಡೆ. ಕೌಂಡಿನ್ಯರಿಗೆ ಮಾನದ ನಷ್ಟವಾಗಿದ್ದುದು ಇವರಿಗೆ ಮಾನ ಮತ್ತು ನೆಲೆಯ ಪ್ರಾಪ್ತಿಯಾಯಿತು. ಬ್ರಾಹ್ಮಣ ಮೂಲದ ಪಾದ್ರಿಯೊಬ್ಬರು ಇಂಥ ಸಭೆಯ ನಡುವೆ ದೀರ್ಘಕಾಲ ಬಾಳಿದುದು ಅವರು ನಡೆಸಿದ ಅತ್ಯಂತ ದೊಡ್ಡ ಬಿಡುವಿಕೆಯೆಂದು ನನ್ನ ಭಾವನೆ. 1844ರ ದೀಕ್ಷಾಸ್ನಾನ ಒಂದು ದಿನದ ಕ್ರಿಯೆ. ಪೂರ್ವಾಶ್ರಯವನ್ನು ನಿಜವಾಗಿ ಅಳಿಸುವುದು ನಿತ್ಯದ ಒಡನಾಟ.

5. ಉಪಸಂಹಾರ

ಹಳೆಯದನ್ನು ಬಿಡಲು ಕರೆಕೊಟ್ಟ ಮೋಗ್ಲಿಂಗ್ ಅವರೇ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚುಹಾಕಿಸಿ ಉಳಿಸಿಕೊಟ್ಟರು. ಕಿಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಧರ್ಮದಲ್ಲಿ ಕಡಿದುಕೊಂಡ ನಂಟನ್ನು ಭಾಷೆಯಲ್ಲಿ ಕಡಿದುಕೊಳ್ಳಲಾಗಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ.

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಸುವಾರ್ತೆಗಳ ಬೇಡಿಕೆ ನಂಟುಗಳ ಕ್ರಮವನ್ನು ಬದಲಿಸುತ್ತದೆಯೇ ಹೊರತು ಹೊಣೆಯನ್ನು ರದ್ದುಪಡಿಸುವುದಿಲ್ಲ. ಎರಡು, ಆ ಬೇಡಿಕೆಯ ಭಾರ ಜಾತಿ ಮತ್ತು ಲಿಂಗಗಳಿಗೆ ಅನುಗುಣವಾಗಿ ಬೇರೆ ಬೇರೆಯಾಗಿ ಬೀಳುತ್ತದೆ. ಮೂರು, ಬೆಲೆ ತೆರುವವನು ಶಿಷ್ಯನೊಬ್ಬನೇ ಅಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಬೇಕೆಂದು ಲೂಕನ 14ನೆಯ ಅಧ್ಯಾಯದಲ್ಲಿ ಯೇಸು ಎಚ್ಚರಿಸುತ್ತಾನೆ. ಆ ಲೆಕ್ಕದಲ್ಲಿ ಮಂಗಳೂರಿನ ಮನೆಯೊಂದರಲ್ಲಿ ಹಿಂದುಳಿದ ಹೆಣ್ಣುಮಗಳೊಬ್ಬಳ ಬಾಳನ್ನೂ ಸೇರಿಸಿಕೊಂಡಾಗ ಮಾತ್ರ ಕನ್ನಡನಾಡಿನ ಕ್ರೈಸ್ತ ಶಿಷ್ಯತ್ವದ ಚರಿತ್ರೆ ಪೂರ್ಣವಾಗುತ್ತದೆ.