ಬರ್ಲಿನ್ ನಗರದಲ್ಲಿ ಮಿತವ್ಯಯದ ಆಹಾರ

ರಾತ್ರಿಭೋಜನ ತ್ಯಾಗದ ನಿಯಮವನ್ನು ಹಿಡಿದ ವಿದ್ಯಾರ್ಥಿಗೆ ಜರ್ಮನಿಯ ಬರ್ಲಿನ್ ನಗರದ ಚಳಿಗಾಲವು ಕಠಿನ ಪರೀಕ್ಷೆ. ಡಿಸೆಂಬರ್ ಮಧ್ಯದಲ್ಲಿ ಅಲ್ಲಿ ಬೆಳಿಗ್ಗೆ 8 ಗಂಟೆಯ ಮೇಲೆ ಸೂರ್ಯೋದಯ. ಸಂಜೆ 4ಕ್ಕೆ ಮೊದಲೇ ಸೂರ್ಯಾಸ್ತ. ತರಗತಿ ಮುಗಿಸಿ ಬಂದು ಒಲೆ ಹಚ್ಚುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಪ್ರತಿದಿನ ಹೋಟೆಲನ್ನು ಆಶ್ರಯಿಸಿದರೆ ಧನವೂ ನಿಯಮವೂ ಕ್ಷಯಿಸುತ್ತವೆ.

ಇದಕ್ಕೆ ಉಪಾಯ ಬುತ್ತಿ. ಮೇಬಾಖ್ ಕಾಲುವೆದಂಡೆಯಲ್ಲಿ ಮಂಗಳವಾರ, ಶುಕ್ರವಾರಗಳಂದು ನೆರೆಯುವ ತುರ್ಕಿ ಸಂತೆಯಲ್ಲಿ ತರಕಾರಿ ಅಗ್ಗ. ತುರ್ಕಿ ಅಂಗಡಿಗಳಲ್ಲಿ ಚನ್ನಂಗಿಬೇಳೆ, ಕಡಲೆ, ಗೋಧಿನುಚ್ಚು ದೊರೆಯುತ್ತವೆ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರನ್ನು ತ್ಯಜಿಸುವವರಿಗೆ ಇವೇ ಸಾಕು. ಪೊಟ್ಟಣದ ಪದಾರ್ಥಗಳಲ್ಲಿ ಮೊಟ್ಟೆಯಿದ್ದರೆ ಅದನ್ನು ಎದ್ದುಕಾಣುವಂತೆ ಮುದ್ರಿಸಬೇಕೆಂಬುದು ಅಲ್ಲಿಯ ಕಾನೂನು. ಪ್ರಾಣಿಜನ್ಯವಾದ ಜೆಲಾಟಿನ್‌ಗೆ ಆ ನಿಯಮವಿಲ್ಲ. ಆದುದರಿಂದ ಪೂರ್ಣ ಓದಿಯೇ ಕೊಳ್ಳತಕ್ಕದ್ದು.

ಸೂರ್ಯೋದಯದ ಬಳಿಕ ಬೇಯಿಸಿ, ಬುತ್ತಿ ಕಟ್ಟಿಕೊಂಡು, 3 ಗಂಟೆಯೊಳಗೆ ಉಂಡು ನೀರು ಕುಡಿದರೆ ವ್ರತವೂ ಉಳಿಯುವುದು, ಹಣವೂ ಉಳಿಯುವುದು.